ಥೀಮ್ ಪಾರ್ಕ್ ಹನಿಮೂನ್: ಕಾಸರಗೋಡಿನಿಂದ ಹೊರಡುವ ಹೊಸ ಜೋಡಿಗೆ ಖರ್ಚಿನ ಲೆಕ್ಕ

ಹನಿಮೂನಿಗೆ ಥೀಮ್ ಪಾರ್ಕ್ ಎಂದು ಗೊತ್ತುಮಾಡಿದವರು ಮೊದಲು ಹುಡುಕುವುದು ಟಿಕೆಟಿನ ಕೂಪನ್ ಕೋಡ್. ಅದರಲ್ಲಿ ಉಳಿಯುವುದು ಇನ್ನೂರೋ ಮುನ್ನೂರೋ. ದುಡ್ಡು ಸೋರುವ ಜಾಗಗಳು ಬೇರೆ ಇವೆ: ಹೊರಡುವ ದಿನಾಂಕ, ಉಪಯೋಗಕ್ಕೆ ಬಾರದ ಒಂದು ರಾತ್ರಿಯ ರೂಮು, ಪಾರ್ಕಿನ ಗೇಟು ದಾಟಿದ ಮೇಲೆ ಕೊಳ್ಳಲೇಬೇಕಾಗುವ ಸಾಮಾನು. ಈ ಮೂರನ್ನು ಸರಿಮಾಡಿಕೊಂಡರೆ ಕೂಪನ್ ಸಿಗದಿದ್ದರೂ ಚಿಂತೆಯಿಲ್ಲ.

ಕಾಸರಗೋಡಿನವರಿಗೆ ಅನುಕೂಲದ ದೊಡ್ಡ ಪಾರ್ಕು ಎಂದರೆ ಕೊಚ್ಚಿಯ ವಂಡರ್‌ಲಾ. 2000ದಲ್ಲಿ ವೀಗಾಲ್ಯಾಂಡ್ ಎಂಬ ಹೆಸರಿನಲ್ಲಿ ಶುರುವಾದದ್ದು ಇದೇ. ಎರಡನೆಯದು ಬೆಂಗಳೂರು–ಮೈಸೂರು ರಸ್ತೆಯಲ್ಲಿ ಬಿಡದಿ ಹತ್ತಿರದ ವಂಡರ್‌ಲಾ, 2005ರದ್ದು. ಗಲ್ಫಿನಲ್ಲಿ ಅಣ್ಣನೋ ಭಾವನೋ ಇರುವ ಮನೆಗಳು ಅಬುಧಾಬಿ, ದುಬೈಯನ್ನೂ ಲೆಕ್ಕಕ್ಕೆ ಹಿಡಿಯಬಹುದು. ಕೊಚ್ಚಿಯದನ್ನು ವಿವರವಾಗಿ ಹೇಳಿ, ಉಳಿದವುಗಳಲ್ಲಿ ಬೇರೆಯಾಗುವ ವಿಷಯಗಳನ್ನಷ್ಟೇ ಆಮೇಲೆ ಸೇರಿಸುತ್ತೇವೆ.

ದಿನಾಂಕ ಮೊದಲು, ಊರು ಆಮೇಲೆ

ನಮ್ಮ ಕಡೆ ಮದುವೆಗಳು ಒತ್ತೊತ್ತಾಗಿ ಬರುವುದು ಏಪ್ರಿಲ್, ಮೇ ತಿಂಗಳಲ್ಲಿ. ಕೇರಳದಲ್ಲೂ ಕರ್ನಾಟಕದಲ್ಲೂ ಶಾಲೆಗಳಿಗೆ ರಜೆ ಇರುವುದೂ ಆಗಲೇ. ಮೇ ಎರಡನೇ ವಾರದಲ್ಲಿ ಮದುವೆಯಾಗಿ ಮರುವಾರ ಪಾರ್ಕಿಗೆ ಹೋದರೆ ಅತಿ ಹೆಚ್ಚಿನ ದರ ಕೊಟ್ಟು, ಒಂದೊಂದು ರೈಡಿಗೂ ಮುಕ್ಕಾಲು ಗಂಟೆ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ. ಆ ಸಾಲು ತಪ್ಪಿಸಲು ಫಾಸ್ಟ್‌ಟ್ರ್ಯಾಕ್ ಟಿಕೆಟ್ ಬೇಕು, ಅದಕ್ಕೆ ಹೆಚ್ಚುಕಡಿಮೆ ಎರಡು ಟಿಕೆಟಿನ ದುಡ್ಡು. ಜೂನ್ ಮಧ್ಯದ ಒಂದು ಬುಧವಾರ ಹೋದರೆ ಸಾಮಾನ್ಯ ಟಿಕೆಟ್ಟೇ ಫಾಸ್ಟ್‌ಟ್ರ್ಯಾಕ್.

ಆದ್ದರಿಂದ ಮದುವೆ ಮುಗಿದ ಕೂಡಲೇ ಹೊರಡಬೇಕೆಂಬ ಹಟ ಬೇಡ. ಹೇಗೂ ಮೊದಲ ಎರಡು ಮೂರು ವಾರ ನೆಂಟರ ಮನೆಯ ಔತಣಗಳಿಗೇ ಸರಿಹೋಗುತ್ತದೆ. ಕೇರಳದಲ್ಲಿ ಜೂನ್ ಮೊದಲ ವಾರ ಶಾಲೆ ತೆರೆಯುತ್ತದೆ. ಜುಲೈ ಮಧ್ಯದಲ್ಲಿ ತುಳುವರ ಆಟಿ ತಿಂಗಳು ಹಿಡಿಯುತ್ತದೆ. ಆಟಿಗೆ ಹೊಸ ಮದುಮಗಳನ್ನು ತವರಿಗೆ ಕಳಿಸುವ ಪದ್ಧತಿ ಇನ್ನೂ ಉಳಿದಿರುವ ಮನೆಗಳಲ್ಲಿ ಆ ತಿಂಗಳು ತಿರುಗಾಟದ ಮಾತೆತ್ತಿದರೆ ಅತ್ತೆಯವರ ಮುಖ ಗಂಟಿಕ್ಕುವುದು ಖಂಡಿತ. ಜೂನ್ ಎರಡನೇ ವಾರದಿಂದ ಜುಲೈ ಮಧ್ಯದವರೆಗಿನ ಐದು ವಾರಗಳೇ ಒಳ್ಳೆಯ ಕಾಲ. ಪಾರ್ಕಿನ ದರ, ರೂಮಿನ ಬಾಡಿಗೆ ಎರಡೂ ಇಳಿದಿರುತ್ತವೆ, ರೈಲಿನಲ್ಲೂ ಸೀಟು ಸಿಗುತ್ತದೆ.

ಮಳೆ ಇರುತ್ತದೆ, ನಿಜ. ಆದರೆ ನೀರಿನ ರೈಡಿಗೆ ಹೋಗುವವರಿಗೆ ಮಳೆಯಿಂದ ಹೊಸದಾಗಿ ನೆನೆಯಲು ಏನಿದೆ? ಸಾಧಾರಣ ಮಳೆಗೆ ರೈಡ್ ನಿಲ್ಲುವುದಿಲ್ಲ. ಗುಡುಗು ಮಿಂಚು, ಬಲವಾದ ಗಾಳಿ ಬಂದಾಗ ಎತ್ತರದ ರೈಡುಗಳನ್ನು ನಿಲ್ಲಿಸುತ್ತಾರೆ, ಹಾಗೆ ನಿಂತದ್ದಕ್ಕೆ ಹಣ ವಾಪಸ್ ಕೊಡುವುದಿಲ್ಲ. ಹೊರಡುವ ಹಿಂದಿನ ದಿನ ಕೊಚ್ಚಿ ಇರುವ ಎರ್ನಾಕುಳಂ ಜಿಲ್ಲೆಗೆ ಹವಾಮಾನ ಇಲಾಖೆ ಆರೆಂಜ್ ಅಥವಾ ರೆಡ್ ಅಲರ್ಟ್ ಕೊಟ್ಟಿದ್ದರೆ ಪಾರ್ಕನ್ನು ಒಂದು ದಿನ ಮುಂದೂಡಿ. ಟಿಕೆಟ್ ತೆಗೆಯುವಾಗಲೇ ದಿನ ಬದಲಿಸುವ ಅವಕಾಶ ಇದೆಯೇ, ಎಷ್ಟು ಗಂಟೆ ಮೊದಲು ತಿಳಿಸಬೇಕು ಎಂದು ನೋಡಿಟ್ಟುಕೊಳ್ಳುವುದು ಇದಕ್ಕಾಗಿಯೇ.

ತಪ್ಪಿಸಬೇಕಾದ ದಿನಗಳು: ಶನಿವಾರ, ಭಾನುವಾರ, ಓಣಂ ರಜೆಯ ಹತ್ತು ದಿನ, ದಸರಾ, ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗಿನ ವಾರ. ನವೆಂಬರ್ ಮಧ್ಯದಿಂದ ಜನವರಿ ಮಧ್ಯದವರೆಗೆ ಶಬರಿಮಲೆಯ ಯಾತ್ರಿಕರಿಂದ ತೆಂಕು ದಿಕ್ಕಿನ ರೈಲುಗಳೆಲ್ಲ ಭರ್ತಿ. ಡಿಸೆಂಬರಿನಿಂದ ಫೆಬ್ರವರಿಯವರೆಗೆ ಶಾಲೆ ಕಾಲೇಜುಗಳ ಪ್ರವಾಸದ ಬಸ್ಸುಗಳು ವಾರದ ದಿನಗಳಲ್ಲೂ ಪಾರ್ಕಿಗೆ ಬರುತ್ತವೆ. ಮಕ್ಕಳಿಗೆ ನೀರೇ ಮೊದಲ ಆಕರ್ಷಣೆ, ಹಾಗಾಗಿ ಆ ತಿಂಗಳುಗಳಲ್ಲಿ ಅಲೆಯ ಕೊಳ ಮಧ್ಯಾಹ್ನವಿಡೀ ಕಿಕ್ಕಿರಿದಿರುತ್ತದೆ.

ರೈಲು: ಹೋಗುವಾಗ ಹಗಲು, ಬರುವಾಗ ರಾತ್ರಿ

ಇದರಲ್ಲಿ ಎಡವಿದವರಿಗೆ ಒಂದು ರಾತ್ರಿಯ ರೂಮು ದಂಡ. ಮಂಗಳೂರಿನಿಂದ ಸಂಜೆ ಹೊರಡುವ ಮಾವೇಲಿ, ಮಲಬಾರ್ ಎಕ್ಸ್‌ಪ್ರೆಸ್‌ಗಳು ರಾತ್ರಿಯ ಗಾಡಿಗಳು, ಮಲಗಿ ಹೋಗಬಹುದು ಎಂದು ಎಲ್ಲರೂ ಅವನ್ನೇ ಹಿಡಿಯುತ್ತಾರೆ. ಅವು ಎರ್ನಾಕುಳಂ ಮುಟ್ಟುವುದು ನಡುರಾತ್ರಿ ಕಳೆದು ಎರಡು ಮೂರು ಗಂಟೆಗೆ. ಹೋಟೆಲಿನ ಚೆಕ್-ಇನ್ ಮಧ್ಯಾಹ್ನ 12ಕ್ಕೋ 2ಕ್ಕೋ. ನಸುಕಿನಲ್ಲಿ ಬಾಗಿಲು ತಟ್ಟಿದರೆ ಹಿಂದಿನ ದಿನದ ಬಾಡಿಗೆಯನ್ನೂ ಹಾಕುತ್ತಾರೆ.

ಹೋಗುವಾಗ ಬೆಳಿಗ್ಗೆಯ ಪರಶುರಾಮ್ ಎಕ್ಸ್‌ಪ್ರೆಸ್ ಹಿಡಿಯಿರಿ. ಮಂಗಳೂರು ಸೆಂಟ್ರಲ್‌ನಿಂದ ನಸುಕಿಗೆ ಹೊರಟು ಕಾಸರಗೋಡಿಗೆ ಆರರ ಸುಮಾರಿಗೆ ಬರುತ್ತದೆ, ಮಧ್ಯಾಹ್ನಕ್ಕೆ ಎರ್ನಾಕುಳಂಗಿಂತ ಮೊದಲು ಸಿಗುವ ಆಲುವಾ. ಇಳಿದು ಊಟ ಮಾಡಿ ಹೋಗುವಷ್ಟರಲ್ಲಿ ಚೆಕ್-ಇನ್ ಸಮಯ ಆಗಿರುತ್ತದೆ. ಬರುವಾಗ ಮಾವೇಲಿ ಅಥವಾ ಮಲಬಾರ್. ಎರ್ನಾಕುಳಂನಲ್ಲಿ ರಾತ್ರಿ ಹನ್ನೊಂದರ ಆಚೀಚೆ ಹತ್ತಿದರೆ ಬೆಳಿಗ್ಗೆ ಕಾಸರಗೋಡು. ಇಲ್ಲಿ ರೈಲಿನ ಬರ್ತೇ ನಿಮ್ಮ ಮೂರನೇ ರಾತ್ರಿಯ ರೂಮು.

ವಾಪಸ್ ಹೊರಡುವಾಗ ಸ್ಟೇಷನ್ ತಪ್ಪಬೇಡಿ. ಮಾವೇಲಿ ಆಲಪ್ಪುಳ ದಾರಿಯಾಗಿ ಬಂದು ಎರ್ನಾಕುಳಂ ಜಂಕ್ಷನ್‌ನಲ್ಲಿ ನಿಲ್ಲುತ್ತದೆ. ಮಲಬಾರ್ ಕೋಟ್ಟಯಂ ದಾರಿಯಾಗಿ ಬಂದು ಎರ್ನಾಕುಳಂ ಟೌನ್‌ನಲ್ಲಿ ನಿಲ್ಲುತ್ತದೆ. ಆಟೊದವರ ಬಾಯಲ್ಲಿ ಮೊದಲನೆಯದು ಸೌತ್, ಎರಡನೆಯದು ನಾರ್ತ್. ‘ಎರ್ನಾಕುಳಂ ಸ್ಟೇಷನ್’ ಎಂದಷ್ಟೇ ಹೇಳಿದವರನ್ನು ಅವರು ಜಂಕ್ಷನ್‌ಗೇ ಬಿಡುತ್ತಾರೆ. ಟೌನ್‌ನಿಂದ ಹೊರಡುವ ಗಾಡಿ ಅಲ್ಲಿಗೆ ಬರುವುದಿಲ್ಲ.

ವಂದೇ ಭಾರತ್ ಬೇಡವೇ? ಸುಖವಾಗಿದೆ, ಬೇಗ ಮುಟ್ಟುತ್ತದೆ. ಆದರೆ ಚೇರ್ ಕಾರ್ ಟಿಕೆಟಿನ ಬೆಲೆ ಸ್ಲೀಪರಿನ ಮೂರು ನಾಲ್ಕು ಪಟ್ಟು. ಹೋಗಿ ಬರುವ ಇಬ್ಬರ ವ್ಯತ್ಯಾಸದಲ್ಲಿ ಒಂದು ದಿನದ ಪಾರ್ಕಿನ ಟಿಕೆಟ್ ಹೆಚ್ಚುಕಡಿಮೆ ಬಂದುಬಿಡುತ್ತದೆ. ಆದರೂ ಅದರಲ್ಲೇ ಹೋಗುವ ಆಸೆಯಿದ್ದರೆ ಬುಕ್ ಮಾಡುವಾಗ ಊಟ ಬೇಡ ಎಂಬುದನ್ನು ಒತ್ತಿ, ಟಿಕೆಟಿನಲ್ಲಿ ಊಟದ ದುಡ್ಡು ಕಡಿಮೆಯಾಗುತ್ತದೆ.

ಮಳೆಗಾಲದಲ್ಲಿ ಕೊಂಕಣ ಹಾದಿಯಾಗಿ ಬರುವ ನೇತ್ರಾವತಿ, ಮಂಗಳಾ ಎಕ್ಸ್‌ಪ್ರೆಸ್‌ಗಳನ್ನು ನಂಬಬೇಡಿ. ಜೂನ್ ಮಧ್ಯದಿಂದ ಅವುಗಳ ವೇಳಾಪಟ್ಟಿಯೇ ಬದಲಾಗುತ್ತದೆ. ಗುಡ್ಡ ಜರಿದರೆ ತಾಸುಗಟ್ಟಲೆ ತಡ. ಮಂಗಳೂರಿನಿಂದಲೇ ಹೊರಡುವ ಗಾಡಿಗಳಿಗೆ ಈ ತೊಂದರೆ ಇಲ್ಲ.

ಟಿಕೆಟ್ ತೆಗೆಯುವ ಕ್ರಮ ಹೀಗೆ. 2024ರ ನವೆಂಬರ್‌ನಿಂದ ಮುಂಗಡ ಬುಕಿಂಗ್ 60 ದಿನ ಮೊದಲಷ್ಟೇ ತೆರೆಯುತ್ತದೆ. ಆ ದಿನಾಂಕವನ್ನು ಮೊಬೈಲಿನಲ್ಲಿ ಗುರುತು ಹಾಕಿಟ್ಟು ಎರಡೂ ಕಡೆಯ ಟಿಕೆಟ್ ತೆಗೆಯಿರಿ. ಕಾಸರಗೋಡಿನಿಂದ ವೇಟಿಂಗ್ ಲಿಸ್ಟ್ ತೋರಿಸಿದರೆ ಕೈಬಿಡಬೇಡಿ, ಅದೇ ಗಾಡಿಯನ್ನು ಮಂಗಳೂರು ಸೆಂಟ್ರಲ್‌ನಿಂದ ಹುಡುಕಿ. ಗಾಡಿ ಹೊರಡುವ ಸ್ಟೇಷನ್ನಿನ ಕೋಟಾ ದೊಡ್ಡದು. ಅಲ್ಲಿಂದ ಟಿಕೆಟ್ ತೆಗೆದು ಹತ್ತುವ ಸ್ಥಳ ಕಾಸರಗೋಡು ಎಂದು ಕೊಟ್ಟರಾಯಿತು, ಹೆಚ್ಚಾಗುವುದು ಚಿಲ್ಲರೆ ದುಡ್ಡು. ಹತ್ತುವ ಸ್ಥಳ ಕೊಡಲು ಮಾತ್ರ ಮರೆಯಬಾರದು. ಮಂಗಳೂರಿನಲ್ಲಿ ಹತ್ತದಿದ್ದರೆ ಟಿಟಿಇ ನಿಮ್ಮ ಬರ್ತನ್ನು ಬೇರೆಯವರಿಗೆ ಕೊಟ್ಟುಬಿಡಬಹುದು. ತತ್ಕಾಲ್ ಕೊನೆಯ ದಾರಿ. ಹೆಚ್ಚಿನ ದರ, ಖಚಿತವಾದ ತತ್ಕಾಲ್ ಟಿಕೆಟ್ ರದ್ದು ಮಾಡಿದರೆ ಬಿಡಿಗಾಸೂ ಬರುವುದಿಲ್ಲ, 2025ರ ಜುಲೈಯಿಂದ ಆಧಾರ್ ಜೋಡಿಸಿದ ಖಾತೆಯೂ ಬೇಕು.

ಹೆಸರಿನ ವಿಷಯ. ಹೊಸ ಮದುಮಗಳ ಹೆಸರಿನ ಮುಂದೆ ಗಂಡನ ಹೆಸರು ಸೇರಿಸಿ ಉತ್ಸಾಹದಿಂದ ಬುಕ್ ಮಾಡುವವರಿದ್ದಾರೆ. ರೈಲು, ರೂಮು, ವಿಮಾನ, ಎಲ್ಲದಕ್ಕೂ ಕೈಯಲ್ಲಿರುವ ಗುರುತಿನ ಚೀಟಿಯ ಹೆಸರೇ ಇರಲಿ. ಆಧಾರ್ ತಿದ್ದುಪಡಿ ಎಲ್ಲ ವಾಪಸ್ ಬಂದ ಮೇಲೆ.

ರೂಮು: 7,500ರ ಗೆರೆ

ಎರಡು ರಾತ್ರಿ ಸಾಕು. ಮೊದಲ ದಿನ ಪ್ರಯಾಣ ಮತ್ತು ವಿಶ್ರಾಂತಿ, ಎರಡನೇ ದಿನ ಪಾರ್ಕು, ಮೂರನೇ ದಿನ ಕೊಚ್ಚಿ ನೋಡಿ ರಾತ್ರಿ ರೈಲು. ಪ್ರಯಾಣದ ದಿನವೇ ಪಾರ್ಕಿಗೆ ಹೋಗುವ ಯೋಜನೆ ಬೇಡ. ಪೂರ್ತಿ ದಿನದ ಟಿಕೆಟಿಗೆ ಮೂರೇ ಗಂಟೆ ಸಿಗುತ್ತದೆ.

ಫೋರ್ಟ್ ಕೊಚ್ಚಿಯ ಹೋಂಸ್ಟೇಗಳು ಚೆಂದ, ಹನಿಮೂನಿಗೆ ಹೇಳಿಸಿದಂತಿವೆ. ಆದರೆ ವಂಡರ್‌ಲಾ ಇರುವುದು ನಗರದ ಪೂರ್ವಕ್ಕೆ ಪಳ್ಳಿಕ್ಕರದಲ್ಲಿ, ಫೋರ್ಟ್ ಕೊಚ್ಚಿ ಪಶ್ಚಿಮದ ತುದಿಯಲ್ಲಿ. ಬೆಳಿಗ್ಗೆ ಟ್ರಾಫಿಕ್ಕಿನಲ್ಲಿ ಟ್ಯಾಕ್ಸಿ, ಸಂಜೆ ಒದ್ದೆ ಬಟ್ಟೆಯ ಚೀಲ ಹೊತ್ತು ಮತ್ತೆ ಟ್ಯಾಕ್ಸಿ. ಈ ಎರಡು ಓಡಾಟದ ದುಡ್ಡಿನಲ್ಲಿ ಆಲುವಾದಲ್ಲೋ ಇಡಪ್ಪಳ್ಳಿಯಲ್ಲೋ ಕಾಕ್ಕನಾಡಿನಲ್ಲೋ ಒಂದು ಮೆಟ್ಟಿಲು ಮೇಲಿನ ರೂಮು ಸಿಗುತ್ತದೆ. ಎರಡೂ ರಾತ್ರಿ ಈ ಕಡೆಯೇ ಇದ್ದು, ಮೂರನೇ ದಿನ ಚೆಕ್-ಔಟ್ ಮಾಡಿ, ಬೀಗ ಹಾಕಿದ ಪೆಟ್ಟಿಗೆಯನ್ನು ಎರ್ನಾಕುಳಂ ಜಂಕ್ಷನ್ನಿನ ಕ್ಲೋಕ್ ರೂಮಿನಲ್ಲಿಟ್ಟು ಫೋರ್ಟ್ ಕೊಚ್ಚಿ ಸುತ್ತಿ. ಬೀಗ ಇಲ್ಲದ ಚೀಲವನ್ನು ಅಲ್ಲಿ ತೆಗೆದುಕೊಳ್ಳುವುದಿಲ್ಲ. ಒಂದು ಚಿಕ್ಕ ಬೀಗ ಮನೆಯಿಂದಲೇ ಒಯ್ಯಿರಿ.

ತೆರಿಗೆಯ ಲೆಕ್ಕ ಗೊತ್ತಿರಲಿ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ ಜಿಎಸ್‌ಟಿ ಶೇ. 5, ಅದರ ಮೇಲಕ್ಕೆ ಶೇ. 18. 7,500ರ ರೂಮಿಗೆ ತೆರಿಗೆ 375, ಒಟ್ಟು 7,875. 8,000ದ ರೂಮಿಗೆ ತೆರಿಗೆ 1,440, ಒಟ್ಟು 9,440. ಐನೂರು ರೂಪಾಯಿ ಮೇಲಿನ ರೂಮೆಂದು ಆಸೆಪಟ್ಟವರು ಕೊಡುವುದು 1,565 ಹೆಚ್ಚು. ಹೋಟೆಲಿನವರು ‘ಕೇವಲ ಸ್ವಲ್ಪ ಹೆಚ್ಚು’ ಎಂದಾಗ ಆ ಸ್ವಲ್ಪ ಈ ಗೆರೆ ದಾಟುತ್ತದೆಯೇ ನೋಡಿ.

ಹನಿಮೂನ್ ಪ್ಯಾಕೇಜ್ ಎಂಬ ಹೆಸರಿನಲ್ಲಿ ಮಾರುವುದು ಹಾಸಿಗೆಯ ಮೇಲೆ ಹೂವಿನ ಹೃದಯ, ಅರ್ಧ ಕಿಲೋ ಕೇಕು, ಮೇಣದ ಬತ್ತಿಯ ರಾತ್ರಿಯೂಟ, ಒಂದು ಫೋಟೊ. ಒಂದೊಂದಕ್ಕೂ ಬಿಡಿಬಿಡಿಯಾಗಿ ಎಷ್ಟು ಎಂದು ಫೋನಿನಲ್ಲೇ ಕೇಳಿ, ಪ್ಯಾಕೇಜಿನ ಬೆಲೆಯಿಂದ ಬರಿಯ ರೂಮಿನ ಬೆಲೆ ಕಳೆದು ನೋಡಿ. ಕೇಕು ಊರಿನ ಬೇಕರಿಯಲ್ಲಿ ಸಿಗುತ್ತದೆ. ಮದುವೆ ಮಂಟಪದ ತುಂಬ ಹೂವು ನೋಡಿ ಬಂದವರಿಗೆ ಹಾಸಿಗೆಯ ಮೇಲಿನ ದಾಸವಾಳದ ಎಸಳು ಎಷ್ಟು ಮುಖ್ಯ ಎಂಬುದು ನಿಮಗೆ ಬಿಟ್ಟದ್ದು. ಹೊಸದಾಗಿ ಮದುವೆಯಾದವರು ಎಂದು ಬುಕಿಂಗಿನ ಷರಾದಲ್ಲಿ ಬರೆದರೆ, ರೂಮು ಖಾಲಿ ಇರುವ ವಾರದ ದಿನಗಳಲ್ಲಿ ಕೆಲವರು ತಾವಾಗಿಯೇ ಒಳ್ಳೆಯ ರೂಮು ಕೊಡುವುದೂ ಉಂಟು. ಅದಕ್ಕೆ ಕಾಸಿಲ್ಲ.

ಇನ್ನೂ ಅಗ್ಗ ಬೇಕಿದ್ದರೆ ಕೇರಳ ಲೋಕೋಪಯೋಗಿ ಇಲಾಖೆಯ ರೆಸ್ಟ್ ಹೌಸ್‌ಗಳಿವೆ. 2021ರಿಂದ ಜನಸಾಮಾನ್ಯರೂ ಆನ್‌ಲೈನಿನಲ್ಲಿ ಬುಕ್ ಮಾಡಬಹುದು. ಬಾಡಿಗೆ ಖಾಸಗಿ ಹೋಟೆಲಿಗಿಂತ ತೀರಾ ಕಡಿಮೆ. ಕಡೆಗಳಿಗೆಯಲ್ಲಿ ಸರ್ಕಾರಿ ಅತಿಥಿಗಳು ಬಂದರೆ ಅವರಿಗೆ ಮೊದಲ ಮಣೆ, ಆದ್ದರಿಂದ ಹೊರಡುವ ಮುನ್ನ ಒಂದು ಫೋನ್ ಮಾಡಿ ಖಚಿತಪಡಿಸಿಕೊಳ್ಳಿ. ಗೋಡೆ ಬಣ್ಣ, ಪರದೆ ಇವುಗಳಲ್ಲಿ ಹನಿಮೂನಿನ ಕಳೆ ಇರುವುದಿಲ್ಲ.

ಎಲ್ಲೇ ಉಳಿದರೂ ಇಬ್ಬರ ಗುರುತಿನ ಚೀಟಿಯೂ ಬೇಕು, ಅದರಲ್ಲಿ ವಿಳಾಸ ಇರಬೇಕು. ಪಾನ್ ಕಾರ್ಡ್ ನಡೆಯುವುದಿಲ್ಲ.

ಪಾರ್ಕಿನ ಟಿಕೆಟ್

ಪಾರ್ಕಿನ ವೆಬ್‌ಸೈಟಿನಲ್ಲಿ ದಿನಾಂಕಗಳ ಪಟ್ಟಿ ತೆರೆದು ಒಂದು ವಾರದ ದರ ಸಾಲಾಗಿ ನೋಡಿ. ವಾರದ ದಿನಕ್ಕೂ ಭಾನುವಾರಕ್ಕೂ ಒಬ್ಬರಿಗೆ ನೂರಾರು ರೂಪಾಯಿ ವ್ಯತ್ಯಾಸ. ಕೆಲವು ದಿನ ಮೊದಲೇ ಆನ್‌ಲೈನಿನಲ್ಲಿ ತೆಗೆದರೆ ಕೌಂಟರಿಗಿಂತ ಕಡಿಮೆ. ಪರದೆಯ ಮೇಲೆ ಮೊದಲು ಕಾಣುವ ದರಕ್ಕೆ ಮರುಳಾಗದೆ ದುಡ್ಡು ಕಟ್ಟುವ ಪುಟದ ಮೊತ್ತ ಹೋಲಿಸಿ, ಪಾರ್ಕಿನ ಪ್ರವೇಶಕ್ಕೆ ಶೇ. 18 ಜಿಎಸ್‌ಟಿ ಇದೆ.

ಮದುಮಗಳು ಇನ್ನೂ ಬಿ.ಎಡ್. ಅಥವಾ ಎಂ.ಎಸ್ಸಿ. ಓದುತ್ತಿದ್ದರೆ ಕಾಲೇಜಿನ ಗುರುತಿನ ಚೀಟಿಗೆ ವಿದ್ಯಾರ್ಥಿ ರಿಯಾಯಿತಿ ಸಿಗುತ್ತದೆ. ವಯಸ್ಸಿನ ಮಿತಿ ಇರುತ್ತದೆ, ಮೂಲ ಚೀಟಿಯೇ ಬೇಕು, ಮೊಬೈಲಿನ ಫೋಟೊ ಒಪ್ಪುವುದಿಲ್ಲ. ಇಬ್ಬರಲ್ಲಿ ಒಬ್ಬರ ಹುಟ್ಟಿದ ತಿಂಗಳಾದರೆ ಅದಕ್ಕೂ ಕೊಡುಗೆ ಬರುವುದುಂಟು. ಇವನ್ನು ಒಂದರ ಮೇಲೊಂದು ಸೇರಿಸಲು ಬಿಡುವುದಿಲ್ಲ, ಹೆಚ್ಚು ಉಳಿಯುವ ಒಂದನ್ನು ಆರಿಸಿಕೊಳ್ಳಿ.

ಟಿಕೆಟಿನ ಜೊತೆ ಬಫೆ ಊಟದ ಕಾಂಬೊ ತೆಗೆಯಬೇಡಿ. ತಿರುಗಿ ಮುರುಗಿ ಇಳಿದ ಹೊಟ್ಟೆಗೆ ಬಫೆ ಇಳಿಯುವುದಿಲ್ಲ. ಒಂದು ಬಿರಿಯಾನಿ ಹಂಚಿಕೊಂಡು ತಿಂದರೆ ಇಬ್ಬರಿಗೆ ಸಾಕು. ನಾಲ್ವರು ಹುಡುಗರ ಗುಂಪಿಗೆ ಆ ಕಾಂಬೊ ಲಾಭ ಇರಬಹುದು, ಮದುಮಕ್ಕಳಿಗಲ್ಲ.

ಚೀಲದಲ್ಲಿ ಏನಿರಬೇಕು, ಏನು ಮನೆಯಲ್ಲೇ ಇರಬೇಕು

ನೀರಿನ ರೈಡಿಗೆ ನೈಲಾನ್ ಅಥವಾ ಲೈಕ್ರಾ ಬಟ್ಟೆ ಕಡ್ಡಾಯ. ಹತ್ತಿಯ ಟೀ ಶರ್ಟು, ಜೀನ್ಸ್, ಚೂಡಿದಾರ, ಸೀರೆ ಯಾವುದಕ್ಕೂ ಬಿಡುವುದಿಲ್ಲ. ಹತ್ತಿ ನೀರು ಹೀರಿ ಭಾರವಾಗುತ್ತದೆ, ಜಾರುವ ಕೊಳವೆಯ ನಡುವೆ ಮೈ ನಿಂತುಬಿಡುತ್ತದೆ, ಹಿಂದಿನಿಂದ ಬಂದವರು ಗುದ್ದುತ್ತಾರೆ. ನೂಲಿನ ಎಳೆಗಳು ಸೋಸುವ ಯಂತ್ರವನ್ನೂ ಕಟ್ಟುತ್ತವೆ. ಗೊತ್ತಿಲ್ಲದೆ ಹೋದವರು ಒಳಗಿನ ಅಂಗಡಿಯಲ್ಲಿ ಹೇಳಿದ ಬೆಲೆ ಕೊಡುತ್ತಾರೆ. ಕಾಸರಗೋಡಿನಲ್ಲೋ ಮಂಗಳೂರಿನಲ್ಲೋ ಕ್ರೀಡಾ ಸಾಮಾನಿನ ಅಂಗಡಿಯಲ್ಲಿ ಮೊದಲೇ ಕೊಳ್ಳಿ: ಇಬ್ಬರಿಗೂ ಮೈಗೆ ಹತ್ತುವ ಪೂರ್ಣ ತೋಳಿನ ಟೀ ಶರ್ಟು, ಮೊಣಕಾಲಿನವರೆಗಿನ ಅಥವಾ ಪೂರ್ಣ ಉದ್ದದ ಪ್ಯಾಂಟು. ಗಾಢ ಬಣ್ಣದ್ದೇ ಇರಲಿ, ತಿಳಿ ಬಣ್ಣ ಒದ್ದೆಯಾದರೆ ಪಾರದರ್ಶಕ. ಲೋಹದ ಗುಂಡಿ, ಝಿಪ್ಪು ಬೇಡ, ಸ್ಲೈಡಿನ ಮೈ ಗೀರುತ್ತದೆ ಎಂದು ಅದಕ್ಕೂ ತಡೆಯುತ್ತಾರೆ.

ಜೊತೆಗೆ ಎರಡು ತೆಳು ಟವೆಲ್, ಒದ್ದೆ ಬಟ್ಟೆಗೆ ದಪ್ಪ ಪ್ಲಾಸ್ಟಿಕ್ ಚೀಲ, ರಬ್ಬರ್ ಚಪ್ಪಲಿ, ಮೊಬೈಲಿಗೆ ನೀರು ಹೋಗದ ಪೌಚ್, ಖಾಲಿ ನೀರಿನ ಬಾಟಲಿ. ಹೊರಗಿನ ತಿಂಡಿ ಬಿಡುವುದಿಲ್ಲ, ಒಳಗೆ ಕುಡಿಯುವ ನೀರಿನ ನಲ್ಲಿಗಳಿವೆ. ಇಬ್ಬರಿಗೂ ಸೇರಿ ಒಂದೇ ಲಾಕರ್ ಸಾಕು. ಠೇವಣಿಯ ರಸೀದಿಯನ್ನು ಮೊಬೈಲಿನಲ್ಲಿ ಫೋಟೊ ತೆಗೆದಿಡಿ, ಒದ್ದೆ ಜೇಬಿನಲ್ಲಿ ಕಾಗದ ಉಳಿಯುವುದಿಲ್ಲ.

ಚಿನ್ನ ಮನೆಯಲ್ಲೇ ಇರಲಿ. ಇದನ್ನು ಒತ್ತಿ ಹೇಳಲು ಕಾರಣವಿದೆ. ತಣ್ಣೀರಿನಲ್ಲಿ ಅರ್ಧ ಗಂಟೆ ಇದ್ದರೆ ಬೆರಳು ಸಣಕಲಾಗುತ್ತದೆ, ಮದುವೆಗೆ ಸರಿಯಾಗಿ ಕೂತಿದ್ದ ಉಂಗುರ ಅಲೆಯ ಕೊಳದಲ್ಲಿ ತಾನಾಗಿ ಜಾರುತ್ತದೆ. ಸಾವಿರ ಜನ ಇಳಿದ ಕೊಳದಲ್ಲಿ ಅದನ್ನು ಹುಡುಕುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಬಳೆ ಕೊಳವೆಯ ಅಂಚಿಗೆ ಬಡಿಯುತ್ತದೆ. ಕರಿಮಣಿ ಬಿಚ್ಚಲು ಮನಸ್ಸಾಗದವರು ಉದ್ದದ ಚಿನ್ನದ ಸರ ಬಿಟ್ಟು, ಕುತ್ತಿಗೆಗೆ ಹತ್ತಿರ ಕೂರುವ ಸಣ್ಣ ಕರಿಮಣಿಯನ್ನು ದಾರದಲ್ಲಿ ಪೋಣಿಸಿ ಮೈಗೆ ಹತ್ತಿದ ಟೀ ಶರ್ಟಿನೊಳಗೆ ಇಟ್ಟುಕೊಳ್ಳಬಹುದು. ಎತ್ತರದಿಂದ ತಲೆಕೆಳಗಾಗಿಸುವ ರೈಡುಗಳಲ್ಲಿ ಅದನ್ನೂ ತೆಗೆಯಲು ಹೇಳುತ್ತಾರೆ, ಆಗ ಲಾಕರಿನಲ್ಲಿಡಿ. ಇನ್ನು ಮದರಂಗಿ. ಕ್ಲೋರಿನ್ ನೀರು ಒಂದೇ ದಿನದಲ್ಲಿ ಅದನ್ನು ಮಾಸಿಸುತ್ತದೆ. ಮದುವೆಯಾದ ನಾಲ್ಕನೇ ದಿನವೇ ಹೋಗಬಾರದು ಎನ್ನಲು ಇದೂ ಒಂದು ಕಾರಣ.

ಪಾರ್ಕಿನ ದಿನ

ಬೆಳಿಗ್ಗೆ ಒಂಬತ್ತಕ್ಕೆ ಹೊಟ್ಟೆ ತುಂಬ ತಿಂಡಿ ತಿನ್ನಿ: ಪುಟ್ಟು ಕಡಲೆಯೋ ಅಪ್ಪವೋ. ಎಣ್ಣೆಯ ಪರೋಟ ಆವತ್ತು ಬೇಡ. ಆಲುವಾ ಕಡೆಯಿಂದ ಪಳ್ಳಿಕ್ಕರಕ್ಕೆ ಖಾಸಗಿ ಬಸ್ಸುಗಳಿವೆ, ಕಾಕ್ಕನಾಡಿನಿಂದಂತೂ ಹತ್ತಿರ. ಪಾರ್ಕ್ ತೆರೆಯುವುದು ಸಾಮಾನ್ಯವಾಗಿ 11ಕ್ಕೆ, ಹದಿನೈದು ನಿಮಿಷ ಮೊದಲು ಗೇಟಿನಲ್ಲಿರಿ.

ಮೊದಲು ಒಣ ರೈಡುಗಳು. ಒದ್ದೆ ಬಟ್ಟೆಯಲ್ಲಿ ಒಣ ರೈಡಿಗೆ ಹತ್ತಿಸುವುದಿಲ್ಲ, ನೀರಿನಿಂದ ಶುರುಮಾಡಿದವರು ಬಟ್ಟೆ ಬದಲಿಸಿ ಬಂದು ಮತ್ತೆ ನೀರಿಗಿಳಿದು ಮತ್ತೆ ಬದಲಿಸಿ ಒಂದು ಗಂಟೆ ಕಳೆಯುತ್ತಾರೆ. ಎಲ್ಲಕ್ಕಿಂತ ದೊಡ್ಡ ರೋಲರ್ ಕೋಸ್ಟರ್, ಎತ್ತರಕ್ಕೊಯ್ದು ಕೆಡವುವ ರೈಡು, ತಲೆಕೆಳಗು ಮಾಡುವುದು ಇವನ್ನು ಮೊದಲ ಒಂದೂವರೆ ಗಂಟೆಯಲ್ಲಿ, ಪಾರ್ಕಿನ ಹಿಂಭಾಗದಿಂದ ಮುಂದಕ್ಕೆ ಬರುತ್ತಾ ಮುಗಿಸಿ. ಒಳಬಂದವರೆಲ್ಲ ಕಣ್ಣಿಗೆ ಮೊದಲು ಬಿದ್ದದ್ದಕ್ಕೇ ಸಾಲು ನಿಲ್ಲುವುದರಿಂದ ಹಿಂಭಾಗ ಆಗ ಖಾಲಿ.

ಹನ್ನೆರಡೂವರೆಗೆ, ಊಟದ ಸಾಲು ಬೆಳೆಯುವ ಮೊದಲು, ಹಗುರವಾಗಿ ತಿನ್ನಿ. ಮುಕ್ಕಾಲು ಗಂಟೆ ಕಳೆದು ನೀರಿಗಿಳಿಯಿರಿ. ನೀರಿನ ವಿಭಾಗ ಸಂಜೆ ಐದರ ಸುಮಾರಿಗೆ ಮುಚ್ಚುತ್ತದೆ. ಎಲ್ಲರೂ ಒಟ್ಟಿಗೆ ಎದ್ದು ಬಟ್ಟೆ ಬದಲಿಸುವ ಕೋಣೆಗೆ ನುಗ್ಗುವುದೂ ಆಗಲೇ, ನಾಲ್ಕೂವರೆಗೇ ಎದ್ದುಬನ್ನಿ. ಕೊನೆಯ ಗಂಟೆಗೆ ನಿಧಾನದ ರೈಡುಗಳು ಉಳಿದಿರಲಿ. ಜೈಂಟ್ ವ್ಹೀಲ್ ಸಂಜೆಯ ಬೆಳಕಿನಲ್ಲೇ ಚೆನ್ನ, ಫೋಟೊಕ್ಕೂ ಅದೇ ಹೊತ್ತು. ಪಾರ್ಕಿನವರು ತೆಗೆದು ಮಾರುವ ಫೋಟೊ ಒಂದು ಸಾಕು, ರೈಡಿನ ಮೇಲಿದ್ದಾಗ ನೀವೇ ತೆಗೆಯಲಾಗದಂಥದ್ದು.

ಬಸ್ಸಿನಲ್ಲೇ ವಾಂತಿಯಾಗುವ ಜಾಯಮಾನ, ಬೆನ್ನುನೋವು, ರಕ್ತದೊತ್ತಡ ಇರುವವರು, ಗರ್ಭಿಣಿಯರು ದೊಡ್ಡ ರೈಡುಗಳಿಂದ ದೂರವೇ ಇರಬೇಕು. ಇಬ್ಬರಲ್ಲಿ ಒಬ್ಬರಿಗೆ ಹೀಗಿದ್ದರೆ ಪೂರ್ತಿ ದಿನದ ಟಿಕೆಟ್ ತೆಗೆಯುವ ಮೊದಲೇ ಮಾತಾಡಿಕೊಳ್ಳಿ. ಗಂಡ ಎಂಟು ರೈಡ್ ಹತ್ತುವಾಗ ಹೆಂಡತಿ ಬೆಂಚಿನಲ್ಲಿ ಚೀಲ ಕಾಯುವುದು ಹನಿಮೂನಲ್ಲ.

ಮೂರನೇ ದಿನ ಮೆಟ್ರೊದಲ್ಲಿ ಎರ್ನಾಕುಳಂಗೆ ಬಂದು, ಹೈಕೋರ್ಟ್ ಜೆಟ್ಟಿಯಿಂದ ವಾಟರ್ ಮೆಟ್ರೊ ಹಿಡಿದು ಫೋರ್ಟ್ ಕೊಚ್ಚಿಗೆ ಹೋಗಿ. ಕೆಲವೇ ಹತ್ತು ರೂಪಾಯಿಗಳಲ್ಲಿ ಎಸಿ ದೋಣಿ, ಕಿಟಕಿಯ ತುಂಬ ಹಿನ್ನೀರು. ಸಾಲು ಉದ್ದವಿದ್ದರೆ ಮೇನ್ ಬೋಟ್ ಜೆಟ್ಟಿಯಿಂದ ಜಲಸಾರಿಗೆ ಇಲಾಖೆಯ ಹಳೆಯ ದೋಣಿ ಇನ್ನೂ ಅಗ್ಗ. ಖಾಸಗಿ ದೋಣಿಯವರು ಕೇಳುವ ಸಾವಿರ, ಎರಡು ಸಾವಿರಕ್ಕೆ ಕಾಣುವ ನೀರೂ ಇದೇ ನೀರು.

ಬಿಡದಿಗೆ ಹೋಗುವವರಿಗೆ

ಕಣ್ಣೂರು–ಬೆಂಗಳೂರು ಎಕ್ಸ್‌ಪ್ರೆಸ್ ಸಂಜೆ ಕಾಸರಗೋಡಿಗೆ ಬಂದು ಮರುದಿನ ಬೆಳಿಗ್ಗೆ ಬೆಂಗಳೂರು ತಲುಪಿಸುತ್ತದೆ. ಮಳೆಗಾಲದಲ್ಲಿ ಮಾತ್ರ ಈ ದಾರಿ ಬೇಡ. ಸುಬ್ರಹ್ಮಣ್ಯ–ಸಕಲೇಶಪುರ ಘಾಟಿಯಲ್ಲಿ ಗುಡ್ಡ ಜರಿದು ಗಾಡಿ ರದ್ದಾಗುವುದು ಹೊಸತಲ್ಲ. ಬಿಡದಿಯನ್ನು ಚಳಿಗಾಲಕ್ಕೆ ಇಟ್ಟುಕೊಳ್ಳಿ. ಮೆಜೆಸ್ಟಿಕ್ಕಿನಿಂದ ನೇರಳೆ ಮಾರ್ಗದ ಮೆಟ್ರೊದಲ್ಲಿ ಚಲ್ಲಘಟ್ಟದವರೆಗೆ ಹೋಗಿ, ಅಲ್ಲಿಂದ ಮೈಸೂರು ರಸ್ತೆಯ ಬಸ್ಸು ಹಿಡಿದರೆ ಟ್ಯಾಕ್ಸಿಯ ಗೊಡವೆಯಿಲ್ಲ. ಪಾರ್ಕಿಗೆ ಅಂಟಿಕೊಂಡ ರೆಸಾರ್ಟ್ ಇದೆ. ಅದರ ಪ್ಯಾಕೇಜಿನಲ್ಲಿ ಪ್ರವೇಶವೂ ಸೇರಿದ್ದರೆ, ರೂಮು ಮತ್ತು ಎರಡು ಟಿಕೆಟ್ ಬಿಡಿಯಾಗಿ ಕೂಡಿಸಿ ಹೋಲಿಸಿ. ಆಮೇಲೆ ಎರಡು ದಿನ ಮೈಸೂರು ಇಟ್ಟುಕೊಂಡರೆ ಪ್ರವಾಸ ತುಂಬುತ್ತದೆ.

ಇಲ್ಲೊಂದು ಗಡಿನಾಡಿನ ತಮಾಷೆ. 2023ರ ಜೂನ್‌ನಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯ ಉಚಿತ ಬಸ್ಸು ಕರ್ನಾಟಕದ ವಿಳಾಸವಿರುವ ಮಹಿಳೆಯರಿಗೆ ಮಾತ್ರ. ಬದಿಯಡ್ಕದ ಮದುಮಗಳು ಎಷ್ಟೇ ಅಚ್ಚ ಕನ್ನಡ ಮಾತಾಡಿದರೂ ಆಧಾರಿನಲ್ಲಿ ಕೇರಳವಿದ್ದರೆ ಟಿಕೆಟ್ ತೆಗೆಯಬೇಕು. ಪುತ್ತೂರಿನಿಂದಲೋ ಸುಳ್ಯದಿಂದಲೋ ಬಂದ ಮದುಮಗಳಿಗೆ ವಿಳಾಸ ಬದಲಾಗುವವರೆಗೆ ಕರ್ನಾಟಕದೊಳಗಿನ ಸಾಮಾನ್ಯ, ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ ಉಚಿತ. ರಾಜಹಂಸ, ಎಸಿ ಬಸ್ಸುಗಳಿಗೂ ಅಂತರರಾಜ್ಯ ಬಸ್ಸುಗಳಿಗೂ ಇದು ಅನ್ವಯಿಸುವುದಿಲ್ಲ.

ಗಲ್ಫಿನಲ್ಲಿ ಮನೆಯವರಿದ್ದರೆ

ಅಬುಧಾಬಿಯ ಯಾಸ್ ದ್ವೀಪದಲ್ಲಿ 2010ರಲ್ಲಿ ತೆರೆದ ಫೆರಾರಿ ವರ್ಲ್ಡ್, ಪಕ್ಕದಲ್ಲೇ ಯಾಸ್ ವಾಟರ್‌ವರ್ಲ್ಡ್, ವಾರ್ನರ್ ಬ್ರದರ್ಸ್ ವರ್ಲ್ಡ್ ಇವೆ. ಬೇರೆಯವರಿಗೆ ಇದು ಲಕ್ಷಗಳ ಮಾತು. ಶಾರ್ಜಾದಲ್ಲಿ ಭಾವನ ಫ್ಲ್ಯಾಟ್ ಇರುವವರಿಗೆ ರೂಮು, ಊಟ ಕಳೆದು ಉಳಿಯುವುದು ವಿಮಾನ, ವೀಸಾ, ಪಾರ್ಕಿನ ಟಿಕೆಟ್ ಮೂರೇ.

ವಿಮಾನದ ದರದಲ್ಲಿ ಜನರ ಹರಿವಿಗೆ ಎದುರಾಗಿ ಹೋಗುವುದೇ ಉಪಾಯ. ಗಲ್ಫಿನ ಶಾಲೆಗಳಿಗೆ ಜುಲೈ, ಆಗಸ್ಟ್ ರಜೆ. ಜೂನ್ ಕೊನೆಯಿಂದ ಅಲ್ಲಿಂದ ಊರಿಗೆ ಬರುವ ಟಿಕೆಟ್ ದುಬಾರಿ, ಊರಿನಿಂದ ಅಲ್ಲಿಗೆ ಹೋಗುವುದು ಅಗ್ಗ. ಆಗಸ್ಟ್ ಮಧ್ಯದ ನಂತರ ಇದು ತಿರುಗುಮುರುಗು. ಮಂಗಳೂರು, ಕಣ್ಣೂರು ಎರಡೂ ವಿಮಾನ ನಿಲ್ದಾಣಗಳ ದರ ನೋಡಿ. ಕಾಸರಗೋಡು ಪೇಟೆಯಿಂದ ಮಂಗಳೂರು ಹತ್ತಿರ, ಕಾಞಂಗಾಡಿನಿಂದ ಕೆಳಗಿನವರಿಗೆ ಕಣ್ಣೂರೂ ಆಗುತ್ತದೆ. ಹೋಗುವುದು ಒಂದರಿಂದ, ಬರುವುದು ಇನ್ನೊಂದಕ್ಕೆ ಎಂದಾದರೂ ತೊಂದರೆಯಿಲ್ಲ.

ಬೇಸಿಗೆಯಲ್ಲಿ ಅಲ್ಲಿ ಹೊರಗೆ ಕಾಲಿಡಲಾಗದ ಸೆಕೆ, ಫೆರಾರಿ ವರ್ಲ್ಡ್ ಬಹುಪಾಲು ಒಳಾಂಗಣ. ಯಾಸ್ ದ್ವೀಪದೊಳಗೆ ಉಚಿತ ಬಸ್ಸಿದೆ. ಎರಡು ಪಾರ್ಕು ನೋಡುವುದಿದ್ದರೆ ಜಂಟಿ ಟಿಕೆಟ್ ಬಿಡಿಗಿಂತ ಕಡಿಮೆ. ಕಾರ್ಡ್ ಉಜ್ಜುವಾಗ ಯಂತ್ರ ರೂಪಾಯಿಯೋ ದಿರ್ಹಮೋ ಎಂದು ಕೇಳಿದರೆ ದಿರ್ಹಮ್ ಒತ್ತಿ. ರೂಪಾಯಿ ಒತ್ತಿದರೆ ಅಂಗಡಿಯ ಕಡೆಯ ವಿನಿಮಯ ದರ ಬೀಳುತ್ತದೆ, ಅದು ಯಾವಾಗಲೂ ತುಟ್ಟಿ. ಏಜೆಂಟರ ಮೂಲಕ ಪೂರ್ತಿ ಪ್ಯಾಕೇಜ್ ತೆಗೆದರೆ ಟಿಸಿಎಸ್, ಅಂದರೆ ಮಾರುವವರೇ ಮುಂಗಡವಾಗಿ ವಸೂಲು ಮಾಡುವ ತೆರಿಗೆ, ಹಿಡಿಯುತ್ತಾರೆ. ಅದು ಹೋದ ದುಡ್ಡಲ್ಲ, ಆದಾಯ ತೆರಿಗೆ ವಿವರ ಸಲ್ಲಿಸುವಾಗ ಲೆಕ್ಕಕ್ಕೆ ಹಿಡಿದುಕೊಳ್ಳಬಹುದು, ರಸೀದಿ ಇಟ್ಟುಕೊಳ್ಳಿ.

ರಜೆಯೇ ಇಲ್ಲದವರಿಗೆ

ಎರಡೇ ದಿನ ರಜೆ ಸಿಗುವ ಜೋಡಿಗೆ ಕಣ್ಣೂರಿನ ಪರಶ್ಶಿನಿಕಡವಿನಲ್ಲಿ ಸಹಕಾರಿ ಸಂಘ ನಡೆಸುವ ವಿಸ್ಮಯ ಪಾರ್ಕಿದೆ. ವಂಡರ್‌ಲಾದಷ್ಟು ದೊಡ್ಡದಲ್ಲ, ಟಿಕೆಟ್ಟೂ ಅಷ್ಟಿಲ್ಲ. ರೈಲಿನಲ್ಲಿ ಕಣ್ಣೂರಿಗೆ ಹೋಗಿ ಬಸ್ಸು ಹಿಡಿಯಬಹುದು. ಹೆದ್ದಾರಿಯ ಬಸ್ಸಿನಲ್ಲಿ ಹೋಗುವವರು ಧರ್ಮಶಾಲೆಯಲ್ಲಿ ಇಳಿದರೆ ಅಲ್ಲಿಂದ ಸ್ವಲ್ಪವೇ ದೂರ. ಬೆಳಿಗ್ಗೆ ಹೋಗಿ ರಾತ್ರಿ ಮನೆ ಸೇರಬಹುದು, ರೂಮಿನ ಖರ್ಚೇ ಇಲ್ಲ. ಪರಶ್ಶಿನಿಕಡವಿನಲ್ಲೇ ಇರುವ ಮುತ್ತಪ್ಪನ ಕ್ಷೇತ್ರದಲ್ಲಿ ಬೇಯಿಸಿದ ಹೆಸರುಕಾಳು ಮತ್ತು ಚಹಾ ಪ್ರಸಾದವಾಗಿ ಸಿಗುತ್ತದೆ. ಕ್ಷೇತ್ರದ ಕೆಳಗಿನ ಜೆಟ್ಟಿಯಿಂದ ವಳಪಟ್ಟಣಂ ಹೊಳೆಯ ಮೇಲೆ ಜಲಸಾರಿಗೆ ಇಲಾಖೆಯ ದೋಣಿ ಹೋಗುತ್ತದೆ. ವಾಪಸ್ ಬರುವ ಕೊನೆಯ ಟ್ರಿಪ್ ಎಷ್ಟು ಗಂಟೆಗೆ ಎಂದು ಹತ್ತುವಾಗಲೇ ಕೇಳಿಟ್ಟುಕೊಳ್ಳಿ, ತಪ್ಪಿದರೆ ಸುತ್ತು ಹಾಕಿ ಬಸ್ಸಿನಲ್ಲೇ ಬರಬೇಕಾಗುತ್ತದೆ.